ಹಳೇ ಸ್ಪೋರ್ಟ್ಸ್ ಕಾರ್ ಜಾಕ್ ಹಾಕಿ ಎತ್ತಿದಾಗ ಬಾಡಿ ಬಾಗೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ಪುಣೆ ಕೋಥ್ರೂಡಲ್ಲಿ, ಊರು ಹುಬ್ಬಳ್ಳಿ ಕಡೆ. ನಮ್ಮನೇಲಿ 1972ರ ಎಂಜಿಬಿ ರೋಡ್‌ಸ್ಟರ್ ಇದೆ, ಮೇಲೆ ಬಟ್ಟೆ ಹುಡ್ ಇರೋ ಎರಡು ಸೀಟಿನ ಕಾರು, ಅದರ ಕೆಳಗೆ ಮಲಗಿ ಕೆಲಸ ಮಾಡ್ತಾ ಮಾಡ್ತಾ ಹನ್ನೊಂದು ವರ್ಷ ಆಯ್ತು. ಮುಂಬೈ, ಗೋವಾ ಕಡೆ ಇರೋ ನಮ್ಮ ಕನ್ನಡದ ಗೆಳೆಯರು ಹಳೇ ಗಾಡಿ ಇಟ್ಕೊಂಡಿರೋರು ತುಂಬಾ ಜನ ಇದಾರೆ, ಅವರ ಫೋನ್ ಬಂದ್ರೆ ಅರ್ಧಕ್ಕರ್ಧ ಇದೇ ವಿಷಯ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ.

ಜಾಕ್ ಹಾಕಿ ಎತ್ತಿದ ಮೇಲೆ ಬಾಗಿಲು ಮುಚ್ಚೋಕೆ ಬರ್ತಿಲ್ಲ. ನನ್ನ ಕಾರ್ ಹಾಳಾಗೋಯ್ತಾ?

ಮೊದಲು ಬಾಗಿಲ ಮೇಲಿಂದ ಕೈ ತೆಗೀರಿ. ತಳ್ಳಬೇಡಿ, ಒದೀಬೇಡಿ, "ಸ್ವಲ್ಪ ಜೋರಾಗಿ ಹಾಕು" ಅಂತ ಹುಡುಗನಿಗೆ ಹೇಳಬೇಡಿ. ಬಾಗಿಲು ಎಷ್ಟು ತೆರೆದಿದೆಯೋ ಅಷ್ಟೇ ಇರಲಿ, ಅದರ ತುದೀನ ಒಬ್ರು ಕೈಯಲ್ಲಿ ಹಿಡ್ಕೊಳ್ಳಿ, ನಿಧಾನಕ್ಕೆ ಕಾರ್ ಇಳಿಸಿ, ನಾಲ್ಕೂ ಚಕ್ರ ನೆಲಕ್ಕೆ ಕೂತ ಮೇಲೆ ಮುಚ್ಚಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಆರಾಮಾಗಿ ಮುಚ್ಚುತ್ತೆ, ಯಾಕಂದ್ರೆ ಉಕ್ಕು ಸ್ಪ್ರಿಂಗ್ ಥರ ಬಾಗಿ ವಾಪಸ್ ಬರುತ್ತೆ, ಅದರ ಮಿತಿ ದಾಟಿ ಮಡಚಿಕೊಂಡ್ರೆ ಮಾತ್ರ ಹಾಗೇ ಉಳಿಯೋದು.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಕಾರ್ ತಗೊಂಡ ಹೊಸದರಲ್ಲಿ ಬ್ರೇಕ್ ಕೆಲಸಕ್ಕೆ ಇಲ್ಲಿನ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಎಡಗಡೆ ಸಿಲ್ಲಿನ, ಅಂದ್ರೆ ಬಾಗಿಲ ಕೆಳಗೆ ಉದ್ದಕ್ಕೆ ಇರೋ ಪಟ್ಟಿಯ, ನಟ್ಟನಡುವೆ ಗಾಲಿ ಇರೋ ಟ್ರಾಲಿ ಜಾಕ್ ಇಟ್ಟು, ಬಾಗಿಲು ತೆಗೆದಿರೋವಾಗಲೇ ಎತ್ತಿದ್ರು. ಅಲ್ಲಿ ಕೆಲಸಕ್ಕಿದ್ದ ವಿಜಯಪುರದ ಹುಡುಗ ನನ್ನ ನೋಡಿ "ಸರ್ರ, ಬಾಗ್ಲಾ ಹಾಕ್ಕೋವಲ್ದ್ರಿ" ಅಂದ, ಅವನ ದನೀಲಿ ಭಯ ಇತ್ತು, ಅಷ್ಟರಲ್ಲಿ ಇನ್ನೊಬ್ಬ ಬಂದು ಸೊಂಟ ಕೊಟ್ಟು ತಳ್ಳಿಬಿಟ್ಟ. ಬಾಗಿಲ ಹಿಂದಿನ ಕೆಳಗಿನ ಮೂಲೆ ರಿಯರ್ ವಿಂಗಿಗೆ, ಅಂದ್ರೆ ಬಾಗಿಲ ಹಿಂದಿನ ಬಾಡಿ ತಗಡಿಗೆ, ಹೊಡೆದು ಎರಡೂ ಕಡೆ ಬೆರಳುಗುರಿನಷ್ಟು ಪೇಂಟ್ ಎದ್ದುಹೋಯ್ತು, ಒಳಗೆ ಹಿಂಜ್ ಕೂರೋ ತಗಡೂ ಸ್ವಲ್ಪ ಎಳೆದುಕೊಂಡಿತ್ತು. ಕಾರು ಬಾಗಿದ್ದರಿಂದ ನಷ್ಟ ಆಗ್ಲಿಲ್ಲ. ಬಾಗಿರೋ ಕಾರಿನ ಬಾಗಿಲನ್ನ ತಳ್ಳಿದ್ದರಿಂದ ಆಯ್ತು.

ಕಬ್ಬಿಣದ ಕಾರು ಹೇಗ್ರೀ ಬಾಗುತ್ತೆ?

ಮನೇಲಿ ಧಾರವಾಡ ಪೇಡೆಯ ಖಾಲಿ ರಟ್ಟಿನ ಡಬ್ಬಿ ಇದ್ರೆ ತಗೊಳ್ಳಿ. ಮುಚ್ಚಳ ಹಾಕಿ, ಎರಡು ತುದಿ ಎರಡು ಕೈಲಿ ಹಿಡಿದು ಒದ್ದೆ ಬಟ್ಟೆ ಹಿಂಡೋ ಥರ ತಿರುಚಿ, ಗಟ್ಟಿಯಾಗಿರುತ್ತೆ. ಈಗ ಮುಚ್ಚಳ ತೆಗೆದು ಅದೇ ಥರ ತಿರುಚಿ, ಎಲೆ ಥರ ತಿರುಗುತ್ತೆ. ರಟ್ಟು ಅದೇ, ದಪ್ಪ ಅದೇ, ಮುಚ್ಚಳ ಒಂದಿಲ್ಲ ಅಷ್ಟೇ. ಕಾರಿಗೆ ರೂಫೇ ಆ ಮುಚ್ಚಳ. ಸೆಡಾನಲ್ಲಿ ರೂಫು, ಪಿಲ್ಲರು, ಹಿಂದಿನ ಗಾಜಿನ ಚೌಕಟ್ಟು, ನೆಲ ಎಲ್ಲಾ ಸೇರಿ ಡಬ್ಬಿ ಆಗುತ್ತೆ, ಓಪನ್ ಕಾರಲ್ಲಿ ಆ ಮೇಲಿನ ಭಾಗ ಪೂರ್ತಿ ಇಲ್ಲ, ಹಾಗಾಗಿ ಭಾರವೆಲ್ಲ ಬಾಗಿಲ ಕೆಳಗಿನ ಎರಡು ಸಿಲ್ ಮತ್ತು ಸೀಟುಗಳ ನಡುವೆ ನೆಲದಲ್ಲಿ ಉಬ್ಬಿರೋ ಟನಲ್ ಮೇಲೆ ಬೀಳುತ್ತೆ.

ಎಂಜಿಬಿಗೆ ಅದರ ಹಿಂದಿನ ಎಂಜಿಎ ಥರ ಬೇರೆ ಚಾಸಿ (ಬಾಡಿ ಕೆಳಗಿನ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿನೇ ಚಾಸಿ. ಅದರ ಸಿಲ್ ಅಂದ್ರೆ ಒಂದು ತಗಡಲ್ಲ, ಹೊರಗಿನ ಸಿಲ್, ಒಳಗಿನ ಸಿಲ್, ನಡುವೆ ನೇರ ನಿಂತ ಒಂದು ತಗಡು, ಕೆಳಗೆ ಕ್ಯಾಸಲ್ ರೇಲ್ ಅನ್ನೋ ಪಟ್ಟಿ, ಇಷ್ಟೂ ಸೇರಿ ಸ್ಪಾಟ್ ವೆಲ್ಡ್ ಆಗಿ ಒಂದು ಮುಚ್ಚಿದ ಕೊಳವೆ ಆಗುತ್ತೆ. ಮುಚ್ಚಿರೋದೇ ಅದರ ಶಕ್ತಿ. ಪ್ಲಂಬಿಂಗಿನ ಪಿವಿಸಿ ಪೈಪಿನ ತುಂಡು ತಿರುಚಿ ನೋಡಿ, ಆಗಲ್ಲ, ಅದೇ ಪೈಪಿಗೆ ಉದ್ದಕ್ಕೆ ಗರಗಸದಲ್ಲಿ ಒಂದೇ ಒಂದು ಸೀಳು ಹಾಕಿ ತಿರುಚಿ, ಕೈಯಲ್ಲೇ ತಿರುಗುತ್ತೆ. ತೆಳು ಗೋಡೆಯ ಕೊಳವೆ ಸೀಳಿದ್ರೆ ತಿರುಚುವಿಕೆ ತಡೆಯೋ ಬಲ ನೂರಾರು ಪಟ್ಟು ಇಳಿದುಬಿಡುತ್ತೆ. ಸಿಲ್ಲಿನ ಕೆಳಗಿನ ಜೋಡಣೆ ತುಕ್ಕು ಹಿಡಿದು ಬಾಯಿ ಬಿಟ್ರೆ ಆಗೋದು ಇದೇ ಸೀಳು. ಹೊರಗಿಂದ ನೋಡಿದ್ರೆ ಪೇಂಟು ಫಳಫಳ ಅಂತಿರುತ್ತೆ.

ಎಷ್ಟು ಬಾಗಿದ್ರೆ ನಾರ್ಮಲ್, ಎಷ್ಟಕ್ಕೆ ಹೆದರಬೇಕು?

ಒಂದು ಲೆಕ್ಕ ಹಾಕೋಣ, ಉದಾಹರಣೆಗೆ ಅಷ್ಟೇ. ಒಂದು ರೋಡ್‌ಸ್ಟರನ್ನ ಒಂದು ಡಿಗ್ರಿ ತಿರುಚೋಕೆ 5000 ನ್ಯೂಟನ್ ಮೀಟರ್ ಬೇಕು ಅಂತಿಟ್ಕೊಳ್ಳಿ. ಒಂದು ಮೂಲೆ ಮಾತ್ರ ಎತ್ತಿದಾಗ ಒಂದು ಕಡೆ ಭಾರ 2000 ನ್ಯೂಟನ್ ಜಾಸ್ತಿ ಆಯ್ತು, ಇನ್ನೊಂದು ಕಡೆ ಅಷ್ಟೇ ಕಮ್ಮಿ ಆಯ್ತು, ಚಕ್ರದಿಂದ ಚಕ್ರಕ್ಕೆ ಅಗಲ 1.25 ಮೀಟರ್, ಗುಣಿಸಿದ್ರೆ 2500, ಅಂದ್ರೆ ಅರ್ಧ ಡಿಗ್ರಿ. ಅರ್ಧ ಡಿಗ್ರಿ ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ 1.25 ಮೀಟರ್ ಅಗಲದಲ್ಲಿ ಅದು 11 ಮಿಲಿಮೀಟರ್. ಇದು ಮುಂದಿನ ಆಕ್ಸಲಿಂದ ಹಿಂದಿನ ಆಕ್ಸಲ್ ತನಕದ ಒಟ್ಟು ಲೆಕ್ಕ, ಬಾಗಿಲಿನ ಜಾಗಕ್ಕೆ ಅದರಲ್ಲಿ ಒಂದು ಪಾಲು ಮಾತ್ರ ಬರುತ್ತೆ. ಆದ್ರೂ ಬಾಗಿಲಿನ ಅಂಚಿಗೂ ಬಾಡಿಗೂ ನಡುವಿನ ಗ್ಯಾಪೇ 4-5 ಮಿಲಿಮೀಟರ್ ಇರೋವಾಗ ಆ ಪಾಲೂ ಕಣ್ಣಿಗೆ ಕಾಣೋವಷ್ಟಿರುತ್ತೆ.

ನನ್ನ ಅನುಭವದಲ್ಲಿ ಗಟ್ಟಿ ಇರೋ ಓಪನ್ ಕಾರಲ್ಲಿ ಗ್ಯಾಪ್ 1 ಮಿಲಿಮೀಟರ್, ಹೆಚ್ಚೆಂದ್ರೆ 2 ಬದಲಾಗುತ್ತೆ, ಇಳಿಸಿದ ಮೇಲೆ ಅದೇ ಜಾಗಕ್ಕೆ ವಾಪಸ್. ಸರಿಯಾದ ಜಾಗದಲ್ಲೇ ಎತ್ತಿದ್ರೂ 3ಕ್ಕಿಂತ ಜಾಸ್ತಿ ಬದಲಾದ್ರೆ, ಇಲ್ಲಾ ಇಳಿಸಿದ ಮೇಲೂ ಹಳೇ ಗ್ಯಾಪ್ ಬರದಿದ್ರೆ, ಆವತ್ತು ಮಾಡೋಕಂತ ಎತ್ತಿದ ಕೆಲಸ ಪಕ್ಕಕ್ಕಿಟ್ಟು ಸಿಲ್ ನೋಡಿ.

ಅಷ್ಟು ಸಣ್ಣ ವ್ಯತ್ಯಾಸ ಅಳೆಯೋದು ಹೇಗೆ?

ಯಾವ ದುಬಾರಿ ಸಾಮಾನೂ ಬೇಡ. ಕಾರ್ ಸಪಾಟ ನೆಲದ ಮೇಲೆ ಚಕ್ರದ ಮೇಲಿರೋವಾಗ ಬಾಗಿಲ ಹಿಂದಿನ ಅಂಚು, ರಿಯರ್ ವಿಂಗು, ಎರಡರ ಮೇಲೂ ಅಡ್ಡಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗ್ಯಾಪಿರೋ ಜಾಗದಲ್ಲಿ ಬ್ಲೇಡಿಂದ ಟೇಪ್ ಕತ್ತರಿಸಿ, ಸ್ಕೇಲ್ ಇಟ್ಟು ಎರಡೂ ಟೇಪಿನ ಮೇಲೆ ಹಾದುಹೋಗೋ ಥರ ಒಂದೇ ಪೆನ್ಸಿಲ್ ಗೆರೆ ಎಳೀರಿ. ಜಾಕ್ ಒಂದೊಂದು ಪಂಪಿಗೂ ಆ ಗೆರೆ ನೋಡ್ತಾ ಇರಿ. ಬಾಡಿ ಬಾಗಿದ್ರೆ ಗೆರೆ ಅಲ್ಲೇ ಮೆಟ್ಟಿಲಾಗಿ ಒಡೆಯುತ್ತೆ, ಅರ್ಧ ಮಿಲಿಮೀಟರೂ ಚೆನ್ನಾಗಿ ಕಾಣುತ್ತೆ. ನಾನು ಮೊದಲನೇ ಸಲ ಹೀಗೆ ಮಾಡಿದಾಗ ಹೆಂಡತಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ಲು, ಐದನೇ ಪಂಪಿಗೆ "ನಿಲ್ಲು, ಗೆರೆ ಹೋಯ್ತು" ಅಂದ್ಲು, ನನಗೆ ಜಾಕ್ ಹತ್ರ ಇದ್ದವನಿಗೆ ಏನೂ ಗೊತ್ತಾಗಿರಲಿಲ್ಲ.

ಗ್ಯಾಪಿನ ಅಗಲಕ್ಕೆ ಡ್ರಿಲ್ ಬಿಟ್ ಸಾಕು. 3, 4, 5 ಮಿಲಿಮೀಟರ್ ಬಿಟ್ಟಿನ ಹಿಂದಿನ ನುಣುಪು ಭಾಗ ಗ್ಯಾಪಲ್ಲಿ ತೂರಿಸಿ, ಯಾವುದು ಹೋಗುತ್ತೆ ಯಾವುದು ಹೋಗಲ್ಲ ಅಂತ ಬಾಗಿಲ ಮೇಲೆ, ನಡುವೆ, ಕೆಳಗೆ ಮೂರು ಕಡೆ ಬರೆದಿಟ್ಕೊಳ್ಳಿ. ಪೇಂಟಿಗೆ ಗೀರು ಬೀಳದ ಹಾಗೆ ನೋಡ್ಕೊಳ್ಳಿ.

ಮೇಲಿನ ಗ್ಯಾಪ್ ಕಮ್ಮಿ ಆದ್ರೆ ಏನರ್ಥ, ಕೆಳಗಿಂದು ಕಮ್ಮಿ ಆದ್ರೆ ಏನರ್ಥ?

ಕಾರನ್ನ ಎರಡು ತುದೀಲಿ ಹೊತ್ತಿದ್ರೆ ನಡು ಭಾಗ ಕೆಳಗೆ ಜೋಲುತ್ತೆ, ಆಗ ಬಾಗಿಲ ಮೇಲ್ಗಡೆ ಗ್ಯಾಪ್ ಬಿಗಿಯಾಗುತ್ತೆ. ನಡುವಲ್ಲಿ ಹೊತ್ತಿದ್ರೆ ಇಂಜಿನ್ ಒಂದು ಕಡೆ ಡಿಕ್ಕಿ ಒಂದು ಕಡೆ ಜೋಲಿ ಮೇಲಿನ ಗ್ಯಾಪ್ ಬಿಚ್ಚಿಕೊಳ್ಳುತ್ತೆ, ಕೆಳಗಿಂದು ಬಿಗಿಯಾಗುತ್ತೆ. ಒಂದು ಮೂಲೆ ಎತ್ತಿದ್ರೆ ಎಡ ಬಾಗಿಲದ್ದು ಒಂದು ಥರ, ಬಲಬಾಗಿಲದ್ದು ಉಲ್ಟಾ. ಚಕ್ರದ ಮೇಲೆ ಸುಮ್ಮನೆ ನಿಂತಿರೋ ಕಾರಲ್ಲೇ ಮೇಲಿನ ಗ್ಯಾಪ್ ಬಿಗಿ ಕೆಳಗಿನದು ಸಡಿಲ ಇದ್ರೆ ಆ ಕಾರಿನ ನಡು ಈಗಾಗಲೇ ಇಳಿದಿದೆ.

ಯಾವ ಕಾರುಗಳು ಜಾಸ್ತಿ ಬಾಗ್ತವೆ?

ರೂಫ್ ಇಲ್ಲದ್ದು, ರೂಫ್ ತೆಗೆಯೋಕೆ ಬರೋದು, ತುಕ್ಕು ಹಿಡಿದದ್ದು, ಈ ಮೂರೂ. ಎಂಜಿಬಿ 1962ರಿಂದ 1980ರ ತನಕ ಬಂತು, ಅದರ ರೋಡ್‌ಸ್ಟರಿಗಿಂತ ಗಟ್ಟಿ ರೂಫಿನ ಜಿಟಿ ತುಂಬಾ ಬಿಗಿ. ಟ್ರಯಂಫ್ ಸ್ಪಿಟ್‌ಫೈರ್ ಬಗ್ಗೆ ಜನ ಮೋಸ ಹೋಗ್ತಾರೆ, "ಅದಕ್ಕೆ ಬೇರೆ ಚಾಸಿ ಇದೆಯಲ್ಲಾ, ಏನೂ ಆಗಲ್ಲ" ಅಂತಾರೆ. ಅದರ ಚಾಸಿ ಹೆರಾಲ್ಡ್ ಚಾಸಿಯಿಂದ ಬಂದದ್ದು ನಿಜ, ಮದ್ರಾಸಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮ ತಂದೆ ಕಾಲದೋರಿಗೆಲ್ಲ ಗೊತ್ತು, ಆದ್ರೆ ಹೆರಾಲ್ಡಿಗೆ ಬದಿಯಲ್ಲಿ ಇರೋ ರೇಲುಗಳು ಸ್ಪಿಟ್‌ಫೈರಲ್ಲಿ ಇಲ್ಲ, ಆ ಕೆಲಸ ಬಾಡಿಯ ಸಿಲ್ಲೇ ಮಾಡಬೇಕು. ಪೋರ್ಶೆ 914ರಲ್ಲಿ, 1969ರಿಂದ 1976ರ ತನಕದ್ದು, ಬ್ಯಾಟರಿ ಆಸಿಡ್ ತೊಟ್ಟಿಕ್ಕಿ ಬಲಗಡೆ ಉದ್ದನೆ ಪೆಟ್ಟಿಗೆ ರೇಲನ್ನೇ ತಿಂದುಹಾಕುತ್ತೆ, ಬಾಗಿಲ ಗ್ಯಾಪೇ ಮೊದಲು ಸುಳಿವು ಕೊಡೋದು.

ಮಾಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆ, 1989ರಿಂದ 1997, ಓಪನ್ ಕಾರಿಗೆ ಒಳ್ಳೇ ಬಿಗಿ ಇದೆ, ಆದ್ರೆ ಅದರ ನೆಲದ ಕೆಳಗಿರೋ ಉದ್ದ ರೇಲುಗಳು ತೆಳು ತಗಡು, ಜಾಕ್ ಅಲ್ಲಿಟ್ರೆ ಚಪ್ಪಟೆ. ಲೋಟಸ್ ಎಲಾನ್ ಥರದ ಫೈಬರ್ ಬಾಡಿ ಕಾರಲ್ಲಿ ನಡುವೆ ಬೆನ್ನೆಲುಬಿನ ಹಾಗೆ ಉಕ್ಕಿನ ಚಾಸಿ. ನಮ್ಮ ಗೋವಾದಲ್ಲೇ ತಯಾರಾಗ್ತಿದ್ದ ಸ್ಯಾನ್ ಸ್ಟಾರ್ಮ್, ರೆನೋ ಇಂಜಿನ್ನಿನ ಎರಡು ಸೀಟಿನ ಪುಟಾಣಿ ಕಾರು, ಅದಕ್ಕೂ ಫೈಬರ್ ಬಾಡಿ. ಇಂಥವಲ್ಲಿ ಜಾಕು ಯಾವತ್ತೂ ಉಕ್ಕಿಗೇ ತಾಗಬೇಕು. ಫೈಬರ್ ಬಾಗಲ್ಲ, ಬಿರುಕು ಬಿಡುತ್ತೆ, ಆಮೇಲೆ ಪೇಂಟ್ ಮೇಲೆ ಜೇಡರ ಬಲೆ ಥರ ಗೆರೆ ಏಳುತ್ತೆ.

ಹಾಗಾದ್ರೆ ಜಾಕ್ ಎಲ್ಲಿ ಇಡಬೇಕು?

ಕಾರಿನ ಭಾರ ದಿನಾ ಯಾವ ಜಾಗದಲ್ಲಿ ಚಕ್ರಕ್ಕೆ ಇಳಿಯುತ್ತೋ ಅದರ ಹತ್ತಿರ. ಅಷ್ಟು ನೆನಪಿಟ್ರೆ ಅರ್ಧ ಕೆಲಸ ಆಯ್ತು. ಮುಂದೆ ಸಸ್ಪೆನ್ಷನ್ ಕೂತಿರೋ ಅಡ್ಡ ತೊಲೆ, ಅಂದ್ರೆ ಕ್ರಾಸ್‌ಮೆಂಬರಿನ ನಡು, ಹಿಂದೆ ಎಂಜಿಬಿ ಥರ ಗಟ್ಟಿ ಆಕ್ಸಲ್ ಇದ್ರೆ ಅದರ ನಡುವಿನ ದಪ್ಪ ಉಂಡೆ, ಡಿಫರೆನ್ಷಿಯಲ್ ಹೌಸಿಂಗ್. ಹೀಗೆ ನಡುವಿಂದ ಎತ್ತಿದ್ರೆ ಎಡ ಬಲ ಎರಡೂ ಒಟ್ಟಿಗೆ ಏಳುತ್ತೆ, ತಿರುಚೋ ಪ್ರಶ್ನೆನೇ ಬರಲ್ಲ. ಎಂಎಕ್ಸ್-5ಗೂ ಮುಂದೆ ಕ್ರಾಸ್‌ಮೆಂಬರ್, ಹಿಂದೆ ಡಿಫರೆನ್ಷಿಯಲ್, ಆದ್ರೆ ಗೇರ್‌ಬಾಕ್ಸಿಂದ ಡಿಫರೆನ್ಷಿಯಲ್ ತನಕ ಹೋಗೋ ಅಲ್ಯೂಮಿನಿಯಂ ಚೌಕಟ್ಟು ಇದೆಯಲ್ಲ, ಅದರ ಮೇಲೆ ಮಾತ್ರ ಇಡಬೇಡಿ.

ಆಯಿಲ್ ಸಂಪ್, ಗೇರ್‌ಬಾಕ್ಸ್ ಕವರ್, ಸೀಟಿನ ಕೆಳಗಿನ ನೆಲ, ಸ್ಟೆಪ್ನಿ ಕೂರೋ ಗುಂಡಿ, ಇವೆಲ್ಲ ಬೇಡವೇ ಬೇಡ. ಸಿಲ್ಲಿನ ಕೆಳಗೆ ಜೋಡಿ ತಗಡಿನ ಅಂಚು ಇರುತ್ತಲ್ಲ, ಕಂಪನಿ ಗುರುತು ಮಾಡಿರೋ ಜಾಗ ಬಿಟ್ಟು ಬೇರೆಡೆ ಇಟ್ರೆ ಅದು ಮಡಚಿಕೊಳ್ಳುತ್ತೆ. ಗುರುತಿರೋ ಜಾಗದಲ್ಲೂ ಜಾಕಿನ ಕಬ್ಬಿಣದ ಬಟ್ಟಲು ನೇರ ತಾಗಿಸಬೇಡಿ. ನಾನು ಭೋಸರಿ ಎಂಐಡಿಸಿಲಿ, ಇಲ್ಲಿನ ಕೈಗಾರಿಕಾ ಪ್ರದೇಶ ಅದು, ಲೇತ್ ಕೆಲಸ ಮಾಡೋರ ಹತ್ರ ಅಂಗೈ ಅಗಲದ ನೈಲಾನ್ ಬಿಲ್ಲೆ ಮಾಡಿಸಿ, ನಡುವೆ ಒಂದು ಕಾಲುವೆ ಕೊರೆಸಿಕೊಂಡೆ, ತಗಡಿನ ಅಂಚು ಕಾಲುವೇಲಿ ಕೂರುತ್ತೆ, ಭಾರ ಅಂಚಿನ ಎರಡೂ ಬದಿಗೆ ಹೋಗುತ್ತೆ. ನೈಲಾನ್ ಸಿಗದಿದ್ರೆ ಸಾಗವಾನಿ ಮರದ ತುಂಡು, ಇಲ್ಲಿನ ಮಿಸ್ತ್ರಿಗಳು ಗುಟ್ಕಾ ಅಂತಾರೆ ಅದಕ್ಕೆ, ಅದರಲ್ಲಿ ಮರದ ಎಳೆಗೆ ಅಡ್ಡಲಾಗಿ ಕಾಲುವೆ ಕೊರೀರಿ. ಎಳೆ ಉದ್ದಕ್ಕೆ ಕೊರೆದ್ರೆ ಭಾರ ಬಿದ್ದಾಗ ಅಲ್ಲೇ ಸೀಳುತ್ತೆ.

ಬರೀ ಪಂಕ್ಚರ್. ಒಂದು ಮೂಲೆ ಎತ್ತಿದ್ರೆ ಪರವಾಗಿಲ್ವಾ?

ಗಟ್ಟಿ ಕಾರಾದ್ರೆ ಪರವಾಗಿಲ್ಲ, ಕಂಪನಿಯೋರು ಕೊಟ್ಟ ಜಾಕಿಂದ ಅವರು ಹೇಳಿದ ಜಾಗದಲ್ಲಿ ಎತ್ತಿ, ಟೈರ್ ನೆಲ ಬಿಟ್ಟ ತಕ್ಷಣ ನಿಲ್ಸಿ. ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲಾ ಮುಚ್ಚಿರಲಿ, ಸ್ಟೆಪ್ನಿ ಮೊದಲೇ ಹೊರಗೆ ತೆಗೆದಿಡಿ. ತುಕ್ಕಿನ ಅನುಮಾನ ಇದ್ರೆ ನಡುವಿಂದ ಎತ್ತೋದೇ ಒಳ್ಳೇದು, ರೋಡಲ್ಲಿ ಅದಾಗಲ್ಲ ಅಂದ್ರೆ ಗಾಡಿ ಟೋ ಮಾಡ್ಸಿ, ಫ್ಲ್ಯಾಟ್‌ಬೆಡ್ ಮೇಲೆ.

ನಾಲ್ಕು ಸ್ಟ್ಯಾಂಡ್ ಮೇಲೆ ಕಾರ್ ಇಡೋಕೆ ಸರಿಯಾದ ಕ್ರಮ ಯಾವುದು?

ಸ್ಟ್ಯಾಂಡ್ ಅಂದ್ರೆ ಎತ್ತಿದ ಕಾರಿನ ಭಾರ ಹೊರೋ ಉಕ್ಕಿನ ಕಾಲು, ಇಲ್ಲಿ ಅದಕ್ಕೆ ಘೋಡಿ ಅಂತಾರೆ. ಮೊದಲ ಮಾತು, ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು, ಒಂದು ನಿಮಿಷಕ್ಕೂ, ಬಿದ್ದ ಪಾನಾ ಎತ್ಕೊಳ್ಳೋಕೂ. ಜಾಕಿನೊಳಗಿರೋದು ಒಂದು ರಬ್ಬರ್ ಸೀಲು, ಅದು ಹೋದ್ರೆ ಕಾರು ಕೂಗಿ ಹೇಳಿ ಬೀಳಲ್ಲ.

ವೀಲ್ ನಟ್ ನೆಲದ ಮೇಲಿರೋವಾಗಲೇ ಸಡಿಲ ಮಾಡ್ಕೊಳ್ಳಿ. ಹಿಂದೆ ಎತ್ತೋದಾದ್ರೆ ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಅಡ್ಡ ಇಡಿ, ಯಾಕಂದ್ರೆ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರ, ಅವು ಗಾಳೀಲಿದ್ರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಹಿಂದೆ ನಡುವಿಂದ ಒಂದು ಸಲಕ್ಕೆ ಎರಡು ಮೂರು ಇಂಚು ಎತ್ತಿ ಎರಡೂ ಸ್ಟ್ಯಾಂಡ್ ಒಂದೇ ಎತ್ತರದ ಹಲ್ಲಿಗೆ ಕೂರಿಸಿ, ಆಮೇಲೆ ಮುಂದೆ ಹೋಗಿ ಅಷ್ಟೇ, ಮತ್ತೆ ಹಿಂದೆ. ಬೇಜಾರಾಗುತ್ತೆ, ಒಂದು ಗಂಟೆ ಹಿಡಿಯುತ್ತೆ, ಆದ್ರೆ ಹೀಗೆ ಹೋದ್ರೆ ಬಾಡಿ ತಿರುಚಲ್ಲ.

ಎಂಜಿಬಿಗೆ ಹಿಂದಿನ ಸ್ಟ್ಯಾಂಡು ಆಕ್ಸಲ್ ಕೊಳವೆ ಕೆಳಗೆ ಇಲ್ಲಾ ಸ್ಪ್ರಿಂಗ್ ಮುಂದಿನ ಕೊಂಡಿ ಕೂರೋ ಗಟ್ಟಿ ಜಾಗದಲ್ಲಿ, ಮುಂದಿನದು ಕ್ರಾಸ್‌ಮೆಂಬರಿನ ಎರಡು ತುದಿ ಕೆಳಗೆ. ಇನ್ನೊಂದು ಸೂಕ್ಷ್ಮ ಇದೆ. ಮೂರು ಕಾಲಿನ ಸ್ಟೂಲ್ ಎಲ್ಲೂ ಅಲ್ಲಾಡಲ್ಲ, ನಾಲ್ಕು ಕಾಲಿನ ಮೇಜು ಅಲ್ಲಾಡುತ್ತೆ. ಆದ್ರೆ ಮೆತ್ತಗಿರೋ ಓಪನ್ ಕಾರು ಅಲ್ಲಾಡೋ ಬದಲು ತಾನೇ ಬಾಗಿ ನಾಲ್ಕನೇ ಸ್ಟ್ಯಾಂಡಿನ ಮೇಲೆ ಕೂತ್ಬಿಡುತ್ತೆ! ನೋಡೋಕೆ ಎಲ್ಲಾ ಸರಿ, ಬಾಡಿ ಮಾತ್ರ ತಿರುಚಿಕೊಂಡೇ ಇದೆ. ನೆಲ ಒಂದು ಮೂಲೇಲಿ 10 ಮಿಲಿಮೀಟರ್ ತಗ್ಗಿದ್ರೂ ಸಾಕು. ಅದಕ್ಕೆ ಸ್ಟ್ಯಾಂಡ್ ಮೇಲೆ ಇಟ್ಟಾದ ಮೇಲೆ ಮತ್ತೆ ಆ ಪೆನ್ಸಿಲ್ ಗೆರೆ ನೋಡಿ, ಮೆಟ್ಟಿಲು ಕಂಡ್ರೆ ಆ ಮೂಲೆ ಸ್ಟ್ಯಾಂಡ್ ಕೆಳಗೆ ಅದರ ಪೂರ್ತಿ ಅಡಿಯಷ್ಟು ಅಗಲದ ಉಕ್ಕಿನ ತಗಡೋ ಪ್ಲೈವುಡ್ಡೋ ಹಾಕಿ ಸಮ ಮಾಡಿ. ಒಂದು ವಾರ ಗೇರ್‌ಬಾಕ್ಸ್ ಇಳಿಸಿಟ್ಟು ಕೂತಿರೋ ಕೆಲಸ ಆದ್ರಂತೂ ಇದು ಬಿಡಲೇಬೇಡಿ.

ಗೋವಾದಲ್ಲಿ ಎಲ್ರೂ ಚಿರೆಕಲ್ಲಿನ ಮೇಲೆ ಇಡ್ತಾರಲ್ಲ?

ಇಡ್ತಾರೆ, ನಾನೂ ಮಡಗಾಂವ್ ಹತ್ರ ನೋಡಿದೀನಿ. ದಯವಿಟ್ಟು ಬೇಡ. ಚಿರೆಕಲ್ಲು ಕಡಿಯೋಕೆ ಸುಲಭ, ಗೋಡೆ ಕಟ್ಟೋಕೆ ಚೆಂದ, ಆದ್ರೆ ಒಳಗೆಲ್ಲ ತೂತು ತೂತು, ಮಳೇಲಿ ನೀರು ಕುಡಿದ್ರೆ ಇನ್ನೂ ಮೆತ್ತಗೆ. ಗೋಡೇಲಿ ಭಾರ ಕಲ್ಲಿನ ಪೂರ್ತಿ ಮೈ ಮೇಲೆ ಹರಡಿರುತ್ತೆ, ಕಾರಿನ ಕೆಳಗೆ ಒಂದು ಅಂಚಿನ ಮೇಲೆ 250 ಕಿಲೋ ಕೂರುತ್ತೆ, ಒಮ್ಮೆಗೇ ಸೀಳುತ್ತೆ. ಸಿಮೆಂಟಿನ ಟೊಳ್ಳು ಬ್ಲಾಕು, ಇಟ್ಟಿಗೆ ಎಲ್ಲಾ ಅದೇ ಜಾತಿ. ಸ್ಟ್ಯಾಂಡ್ ಇಲ್ಲ ಅಂದ್ರೆ ದಪ್ಪ ಮರದ ದಿಮ್ಮಿ ಅಡ್ಡಡ್ಡ ಉದ್ದುದ್ದ ಪೇರಿಸಿ ಇಡಿ, ಮರ ಮುರಿಯೋ ಮುಂಚೆ ಕಿರಿಗುಟ್ಟಿ ಎಚ್ಚರಿಕೆನಾದ್ರೂ ಕೊಡುತ್ತೆ.

ನಮ್ಮ ಸೊಸೈಟಿ ಪಾರ್ಕಿಂಗಲ್ಲಿ ಪೇವರ್ ಬ್ಲಾಕ್ ಇದೆ, ಅಲ್ಲಿ ಎತ್ತಬಹುದಾ?

18 ಮಿಲಿಮೀಟರ್ ಪ್ಲೈವುಡ್ ಹಾಸಿ, ಜಾಕಿಗೂ ಸ್ಟ್ಯಾಂಡಿಗೂ. ಯಾಕಂದ್ರೆ ಟ್ರಾಲಿ ಜಾಕಿನ ತೋಳು ನೇರ ಮೇಲೆ ಹೋಗಲ್ಲ, ಕಮಾನಾಗಿ ಏಳುತ್ತೆ, ಅದಕ್ಕೇ ಜಾಕಿಗೆ ಗಾಲಿ ಇರೋದು, ಏಳ್ತಾ ಏಳ್ತಾ ಅದು ಕಾರಿನ ಕೆಳಗೆ ಸ್ವಲ್ಪ ಉರುಳಬೇಕು. ಗಾಲಿ ಪೇವರ್ ಸಂದೀಲಿ ಸಿಕ್ಕಾಕ್ಕೊಂಡ್ರೆ ಜಾಕ್ ಉರುಳಲ್ಲ, ಕಾರನ್ನೇ ಪಕ್ಕಕ್ಕೆ ಎಳೆಯುತ್ತೆ. ಬೇಸ್‌ಮೆಂಟ್ ಇಳಿಜಾರಿನ ಹತ್ರ ಪಾರ್ಕಿಂಗ್ ಇದ್ರೆ ಅಲ್ಲಿ ಎತ್ತಲೇಬೇಡಿ, ಮುಂಬೈಲಿ ಜಾಗದ ಕಷ್ಟ ನನಗೂ ಗೊತ್ತು, ಆದ್ರೂ ಬೇಡ.

ಟೂ ಪೋಸ್ಟ್ ಲಿಫ್ಟ್ ಇರೋ ಗ್ಯಾರೇಜ್ ಒಳ್ಳೇದಾ, ಪಿಟ್ ಇರೋದು ಒಳ್ಳೇದಾ?

ಬಾಡಿ ವೀಕ್ ಅನ್ನೋ ಅನುಮಾನ ಇದ್ರೆ ಪಿಟ್ಟೇ, ಅಂದ್ರೆ ಕಾರಿನ ಕೆಳಗೆ ಇಳಿದು ಕೆಲಸ ಮಾಡೋ ಗುಂಡಿನೇ, ಒಳ್ಳೇದು, ಇಲ್ಲಾ ಚಕ್ರದ ಮೇಲೇ ನಿಲ್ಲಿಸಿ ಎತ್ತೋ ಫೋರ್ ಪೋಸ್ಟ್. ಅಲ್ಲಿ ಭಾರ ಚಕ್ರದ ಮೇಲೇ ಇರುತ್ತೆ, ರೋಡಲ್ಲಿ ನಿಂತ ಹಾಗೇ. ಎರಡು ಕಂಬದ ಟೂ ಪೋಸ್ಟಲ್ಲಿ ನಾಲ್ಕು ತೋಳು ಸಿಲ್ ಕೆಳಗೆ ಬರುತ್ತೆ, ಎರಡು ತುದಿ ಗಾಳೀಲಿ ಜೋಲುತ್ತೆ. ತೋಳುಗಳನ್ನ ಆದಷ್ಟು ಮುಂದೆ, ಆದಷ್ಟು ಹಿಂದೆ, ಗಟ್ಟಿ ಜಾಗಕ್ಕೆ ತಲುಪಿಸೋಕೆ ಹೇಳಿ, ಒಂದಡಿ ಎತ್ತಿ ನಿಲ್ಲಿಸಿ ಗ್ಯಾಪ್ ನೋಡಿ, ಆಮೇಲೆ ಮೇಲೆ. ಕತ್ತರಿ ಥರದ ಸಿಸರ್ ಲಿಫ್ಟಿನ ಅಗಲ ಪ್ಯಾಡು ಹಳೇ ಕಾರಿನ ಸಿಲ್ಲಿಗೆ ಎಲ್ಲೆಂದ್ರಲ್ಲಿ ಒತ್ತುತ್ತೆ, ನಾನು ಹಾಕ್ಸಲ್ಲ.

ಸೀಟಿನ ಹಿಂದೆ ಇಂಜಿನ್ ಇರೋ ಮಿಡ್ ಇಂಜಿನ್ ಕಾರು, ಟೊಯೋಟಾ ಎಂಆರ್2, ಫಿಯಟ್ ಎಕ್ಸ್1/9 ಥರದ್ದು, ಭಾರ ಹಿಂದಿರುತ್ತೆ, ಇಂಜಿನ್ ಇಳಿಸಿದ ತಕ್ಷಣ ಲೆಕ್ಕ ಬದಲಾಗುತ್ತೆ. ಎಂಜಿಬಿಯಲ್ಲಿ ಇಂಜಿನ್ ತೆಗೆದ್ರೆ ಉಲ್ಟಾ, ಹಿಂದೆ ಭಾರ. ಕೆಲಸ ಶುರು ಮಾಡೋ ಮುಂಚೆ ಏನೇನು ಇಳಿಸ್ತೀವಿ ಅಂತ ಮಿಸ್ತ್ರಿ ಜೊತೆ ಮಾತಾಡ್ಕೊಳ್ಳಿ. ನಮ್ಮ ಕಡೆ ಟಿಂಕರಿಂಗ್ ಅನ್ನೋದಕ್ಕೆ ಇಲ್ಲಿ ಡೆಂಟಿಂಗ್ ಅಂತಾರೆ, ಮಾತಲ್ಲಿ ಗೊಂದಲ ಆಗಬಾರದು ಅಂತ ಹೇಳ್ದೆ.

ಎತ್ತಿರೋವಾಗ ಬಾಗಿಲು ತೆಗೀಬಹುದಾ? ರೂಫ್ ತೆಗೀಬಹುದಾ?

ಎರಡೂ ಬೇಡ. ಒಳಗಿಂದ ಏನಾದ್ರೂ ಬೇಕಿದ್ರೆ ಎತ್ತೋ ಮುಂಚೆ ತೆಗೆದಿಟ್ಕೊಳ್ಳಿ, ಸ್ಟೇರಿಂಗ್ ತಿರುಗಿಸೋಕೆ ಬೇಕಂದ್ರೆ ಗಾಜು ಇಳಿಸಿಡಿ, ಹೊರಗಿಂದ ಕೈ ಹಾಕಬಹುದು. ಟಾರ್ಗಾ, ಟಿ-ಬಾರ್ ರೂಫಿನ, ಅಂದ್ರೆ ತಲೆ ಮೇಲಿನ ಭಾಗ ಮಾತ್ರ ಬಿಚ್ಚೋಕೆ ಬರೋ, ಕಾರಲ್ಲಿ ರೂಫ್ ಪ್ಯಾನೆಲ್ ಹಾಕಿ ಲಾಕ್ ಮಾಡಿರಬೇಕು. ಎತ್ತಿರೋವಾಗ ತೆಗೆದ್ರೆ ಮತ್ತೆ ಕೂರಲ್ಲ, ರಬ್ಬರ್ ಬೀಡಿಂಗ್ ಹರಿಯುತ್ತೆ. ಪೋರ್ಶೆ 944 ಥರ ದೊಡ್ಡ ಗಾಜಿನ ಹ್ಯಾಚ್ ಇರೋದನ್ನೂ ಮುಚ್ಚೇ ಇಡಿ, ಅದರ ಗಾಜು ಚೌಕಟ್ಟಿಂದ ಬಿಟ್ಟುಕೊಳ್ಳೋದು ಮೊದಲೇ ಇರೋ ಕಾಯಿಲೆ. ಮುಂದಿನ ಗಾಜಿನ ಮೂಲೇಲಿ ಸಣ್ಣ ಬಿರುಕು ಇದ್ರೆ ತಿರುಚಿದಾಗ ಅದು ಓಡುತ್ತೆ, ಮೊದಲೇ ನೋಡಿ ಇಟ್ಕೊಳ್ಳಿ.

ಎತ್ತೋವಾಗ ಕಟಕಟ ಸದ್ದು ಬಂತು.

ಎಲ್ಲಿಂದ ಬಂತು ಅನ್ನೋದು ಮುಖ್ಯ. ಸ್ಪ್ರಿಂಗ್, ಬುಷ್ ಕಡೆಯಿಂದ ಒಂದೆರಡು ಸಲ ಕಿರ್ರ್ ಅಂದ್ರೆ ಸಸ್ಪೆನ್ಷನ್ ಜೋಲಿದ್ದು, ಸರಿ. ಸಿಲ್ಲಿಂದ ಹಪ್ಪಳ ಮುರಿದ ಸದ್ದು ಬಂದು ಕೆಳಗೆ ಕೆಂಪು ಪುಡಿ ಉದುರಿದ್ರೆ ತಕ್ಷಣ ಇಳಿಸಿ, ಅದು ಪುಟ್ಟಿ ಒಡೆದಿದ್ದು, ಪುಟ್ಟಿ ಹಿಂದೆ ತಗಡು ಇಲ್ಲ.

ಸಿಲ್ ಒಳಗೆ ತುಕ್ಕು ಹಿಡಿದಿದೆಯಾ ಅಂತ ಹೇಗೆ ತಿಳಿಯೋದು?

ಬೆರಳಿನ ಗೆಣ್ಣಿಂದ ಬಡೀತಾ ಹೋಗಿ, ಗಟ್ಟಿ ತಗಡು ಟಣ್ ಅನ್ನುತ್ತೆ, ಪುಟ್ಟಿ ಡಬ್ ಅನ್ನುತ್ತೆ. ಬಟ್ಟೇಲಿ ಸುತ್ತಿದ ಮ್ಯಾಗ್ನೆಟ್ ಹಿಡೀರಿ, ಅಂಟದ ಕಡೆ ತಗಡಿಲ್ಲ. ಒಳಗಿನ ಕಾರ್ಪೆಟ್ ಎತ್ತಿ ಒಳಸಿಲ್ ನೋಡಿ, ಹೊರಗಿನದು ಹೊಸದಾಗಿ ಹಾಕಿ ಒಳಗಿನದು ಹಾಗೇ ಬಿಟ್ಟಿರೋರು ತುಂಬಾ ಜನ. ಫೋನಿಗೆ ಹಾಕೋ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಸಿಗುತ್ತೆ, ನೀರು ಹೋಗೋ ತೂತಿಂದ ಒಳಗೆ ಕಳಿಸಿ ನಡುವಿನ ತಗಡು ಇದೆಯಾ ನೋಡಬಹುದು.

ಕೊಂಕಣದ ನಾಲ್ಕು ತಿಂಗಳ ಮಳೆ, ಸಮುದ್ರದ ಉಪ್ಪುಗಾಳಿ, ಇಲ್ಲಿ ಆ ತೂತುಗಳೇ ಜೀವ. ಎಲೆ ಮಣ್ಣು ತುಂಬಿ ಮುಚ್ಚಿಹೋದ್ರೆ ಸಿಲ್ ಅನ್ನೋದು ನೀರಿನ ಟ್ಯಾಂಕ್. ಮೇ ಕೊನೇಲಿ ಒಂದು ಸಲ, ದಸರಾ ಹೊತ್ತಿಗೆ ಒಂದು ಸಲ ತಂತಿ ಹಾಕಿ ಚೊಕ್ಕ ಮಾಡ್ತೀನಿ. ವಾಷಿಂಗ್ ಸೆಂಟರಲ್ಲಿ ಕೆಳಗೆ ಡೀಸೆಲ್ ಹೊಡೀತೀವಿ ಅಂದ್ರೆ ಬೇಡ ಅನ್ನಿ, ರಬ್ಬರ್ ಬುಷ್ ಉಬ್ಬಿಹೋಗುತ್ತೆ. ತುಕ್ಕಿನ ಮೇಲೇ ದಪ್ಪ ಕರಿ ಅಂಡರ್‌ಕೋಟ್ ಬಳಿಸೋದಂತೂ ಗಾಯ ತೊಳೀದೆ ಪಟ್ಟಿ ಕಟ್ಟಿದ ಹಾಗೆ. ಒಳಗೆ ಹೋಗೋ ಮೇಣ, ಕ್ಯಾವಿಟಿ ವ್ಯಾಕ್ಸ್, ಅದು ಹೊಡೆಸಿ.

ಸಿಲ್ ವೆಲ್ಡಿಂಗ್ ಮಾಡ್ಸೋವಾಗ ಏನು ಎಚ್ಚರ?

ಇಲ್ಲಿ ತಪ್ಪಾದ್ರೆ ಕಾರು ಬಾಗಿದ ಆಕಾರದಲ್ಲೇ ಶಾಶ್ವತವಾಗಿ ನಿಲ್ಲುತ್ತೆ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಹಳೇ ಸಿಲ್ ಕತ್ತರಿಸೋ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ, ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ, ಚೌಕ ಪೈಪಿನ ಬ್ರೇಸ್, ಅಂದ್ರೆ ಬಾಡಿ ಅಲ್ಲಾಡದ ಹಾಗೆ ಹಿಡಿಯೋ ಆಸರೆ, ಟ್ಯಾಕ್ (ಸಣ್ಣ ಚುಕ್ಕೆ ಬೆಸುಗೆ) ಹಾಕಿ ಕೂರಿಸಬೇಕು, ಒಂದು ನೇರ ಒಂದು ಓರೆ. ಬ್ರೇಸ್ ಹಾಕೋ ಮುಂಚೆ ಬಾಗಿಲ ಗ್ಯಾಪ್ ಸರಿ ಇರಬೇಕು, ಇಲ್ಲದಿದ್ರೆ ಸಣ್ಣ ಜಾಕಿಂದ ನಿಧಾನಕ್ಕೆ ನಡು ಎತ್ತಿ ಗ್ಯಾಪ್ ಸರಿ ಮಾಡ್ಕೊಂಡು ಆಮೇಲೆ ಬ್ರೇಸ್. ಕಾರಿನ ಭಾರ ಸಸ್ಪೆನ್ಷನ್ ಜಾಗದಲ್ಲೇ ಇರಲಿ. ಒಂದು ಬದಿ ಪೂರ್ತಿ ಮುಗಿಸಿ, ಆಮೇಲೇ ಇನ್ನೊಂದು ಬದಿ ಮುಟ್ಟಿ. ಎರಡೂ ಒಟ್ಟಿಗೆ ಕತ್ತರಿಸಿದ್ರೆ ಹಿಡಿಯೋರು ಯಾರೂ ಇರಲ್ಲ.

ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು ಟ್ಯಾಕ್ ಮಾಡಬೇಕು. ನಮ್ಮ ವೆಲ್ಡರ್, ಬಾಗಲಕೋಟೆಯ ಹಿರಿಯರು, ಪ್ರತಿ ನಾಲ್ಕು ಟ್ಯಾಕಿಗೆ ಎದ್ದು ಬಾಗಿಲು ಎರಡು ಬೆರಳಲ್ಲಿ ತಳ್ಳಿ ಅದು ಕ್ಲಿಕ್ ಅನ್ನೋದು ಕೇಳಿಸ್ಕೊಂಡೇ ಮತ್ತೆ ಕೂರೋರು. ಒಂದೇ ಕಡೆ ಉದ್ದಕ್ಕೆ ಬೆಸುಗೆ ಎಳೆದ್ರೆ ಬಿಸಿಗೆ ತಗಡು ಎಳೆದುಕೊಳ್ಳುತ್ತೆ, ಅಲ್ಲೊಂದು ಇಲ್ಲೊಂದು ಹಾಕಬೇಕು. ಬ್ಯಾಟರಿ ತೆಗೆದಿಡಿ, ಪೆಟ್ರೋಲ್ ಟ್ಯಾಂಕ್ ಹತ್ರ ಇದ್ರೆ ಇಳಿಸಿಡಿ. ಎಂಜಿಬಿ ಆದ್ರೆ ಸಿಲ್ ಪ್ಯಾನೆಲ್ ಅಷ್ಟೇ ಅಲ್ಲ, ಪೂರ್ತಿ ಹೊಸ ಬಾಡಿ ಶೆಲ್ಲನ್ನೇ ಇಂಗ್ಲೆಂಡಿನ ಬ್ರಿಟಿಷ್ ಮೋಟರ್ ಹೆರಿಟೇಜಿನೋರು 1988ರಿಂದ ಮಾಡ್ತಾ ಇದಾರೆ, ಹಾಗಾಗಿ ತಗಡು ತಟ್ಟಿ ಅಂದಾಜಿಗೆ ಸಿಲ್ ಮಾಡ್ಸೋ ಅಗತ್ಯ ಇಲ್ಲ.

ಇಳಿಸಿದ ಮೇಲೆ ಕಾರು ಒಂದು ಕಡೆ ಎತ್ತರ ನಿಂತಿದೆ. ಬಾಡಿ ಬಾಗಿದ್ದು ಹಾಗೇ ಉಳೀತಾ?

ಗಾಬರಿ ಬೇಡ. ಎತ್ತಿದಾಗ ಚಕ್ರಗಳು ಕೆಳಗೆ ಜೋಲಿ ಒಳಗೆ ಸರಿದಿರ್ತವೆ, ಇಳಿಸಿದಾಗ ಟೈರು ನೆಲ ಕಚ್ಚಿಕೊಂಡು ಹೊರಗೆ ಸರಿಯೋಕೆ ಬಿಡಲ್ಲ, ಅದಕ್ಕೆ ಕಾರು ಕಾಲ್ಬೆರಳ ಮೇಲೆ ನಿಂತ ಹಾಗಿರುತ್ತೆ. ಮೊದಲು ವೀಲ್ ನಟ್ ಟೈಟ್ ಮಾಡಿ, ನಾಲ್ಕು ಮೀಟರ್ ಮುಂದೆ ಹಿಂದೆ ಓಡಿಸಿ, ಕೂರುತ್ತೆ. ಆಮೇಲೆ ಗ್ಯಾಪ್ ಅಳೀರಿ.

ಹಳೇ ಕಾರ್ ಕೊಳ್ಳೋಕೆ ಹೋದಾಗ ಜಾಕ್ ಹಾಕಿ ನೋಡಬಹುದಾ?

ಮಾಲೀಕರ ಒಪ್ಪಿಗೆ ಕೇಳಿ, ಅವರ ಎದುರಿಗೇ, ಖಂಡಿತ ನೋಡಿ. ಬಾಗಿಲು ಮುಚ್ಚಿ, ಎರಡೂ ಕಡೆ ಟೇಪ್ ಗೆರೆ ಎಳೆದು, ಮೊದಲು ಮುಂದೆ ನಡುವಿಂದ, ಆಮೇಲೆ ಒಂದು ಮೂಲೆ, ಟೈರ್ ನೆಲ ಬಿಡೋ ತನಕ ಅಷ್ಟೇ. ಹೋದ ವರ್ಷ ವಾಸ್ಕೋದಲ್ಲಿ ಗೆಳೆಯನ ಜೊತೆ ಒಂದು ಕೆಂಪು ರೋಡ್‌ಸ್ಟರ್ ನೋಡೋಕೆ ಹೋಗಿದ್ದೆ, ಪೇಂಟು ಕನ್ನಡಿ ಥರ, ಗೆಳೆಯ ಅಡ್ವಾನ್ಸ್ ಕೊಡೋಕೆ ಜೇಬಿಗೆ ಕೈ ಹಾಕಿದ್ದ. ಮೂಲೆ ಎತ್ತಿದಾಗ ಟೈರ್ ಇನ್ನೂ ನೆಲದ ಮೇಲೇ ಇತ್ತು, ಗೆರೆ ಆಗಲೇ 4 ಮಿಲಿಮೀಟರ್ ಒಡೆದಿತ್ತು. ಮಾಲೀಕರು ಒಳ್ಳೇ ಮನುಷ್ಯ, ಅವರಿಗೂ ಗೊತ್ತಿರಲಿಲ್ಲ, ಬಗ್ಗಿ ನೋಡಿ ಸುಮ್ಮನೆ ನಿಂತ್ರು. ಎರಡೂ ಸಿಲ್ಲಿನ ಖರ್ಚು ಬೆಲೇಲಿ ಇಳಿಸಿ ಅವತ್ತು ಸಂಜೆನೇ ಮಾತು ಮುಗೀತು, ಆ ಕಾರು ಈಗ ಬ್ರೇಸ್ ಹಾಕ್ಕೊಂಡು ಪೊಂಡಾದ ಒಂದು ಶೆಡ್ಡಲ್ಲಿದೆ, ಎಡಗಡೆ ಸಿಲ್ ಮುಗಿದಿದೆ.